ಪರದೆಯ ಮೇಲೆ ಅಣ್ಣ

ಕಂಪ್ಯೂಟರ್ ಎಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನನ್ನ ಕನ್ನಡಕದ ಅಂಗಡಿಯಲ್ಲಿ ಬಿಲ್ಲು ಹಾಕಲು ಒಂದಿದೆ, ಅದರ ಮುಖವನ್ನೂ ನಾನು ಗಂಟಿಕ್ಕಿಕೊಂಡೇ ನೋಡುತ್ತೇನೆ. ರೇಡಿಯೋ ಹಾಗಲ್ಲ. ತಿರುಗಣೆ ತಿರುಗಿಸಿದರೆ ತಿರುಗುತ್ತದೆ, ಮೈಕಿನ ಗುಂಡಿ ಒತ್ತಿದರೆ ಮಾತು ಹೋಗುತ್ತದೆ, ಬಿಟ್ಟರೆ ಬರುತ್ತದೆ. ಅಣ್ಣನೂ ನಾನೂ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋ, ಪರವಾನಗಿ ತೆಗೆದುಕೊಂಡದ್ದು ಒಟ್ಟಿಗೆ. ಅವನು ಹಡಗಿನ ರೇಡಿಯೋ ಕೆಲಸಕ್ಕೆ ಸೇರಿ, ಕೊನೆಗೆ ಸಮುದ್ರದಾಚೆಯ ಒಂದು ಬಂದರಿನಲ್ಲಿ ಮನೆ ಮಾಡಿದ ಮೇಲೂ ಭಾನುವಾರ ಬೆಳಗಿನ ನಮ್ಮ ಮಾತು ತಪ್ಪುತ್ತಿರಲಿಲ್ಲ. ಮಾತಾಡುತ್ತಿದ್ದವಳು ಹೆಚ್ಚಾಗಿ ನಾನೇ. ಅವನು ನನ್ನನ್ನು ಕರೆಯುತ್ತಿದ್ದುದೇ ಬಾಯಿಬಡಕಿ ಎಂದು.

ಆಮೇಲೆ ಅವನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು.

ಅಲ್ಲಿಂದ ಮುಂದೆ ನಾನು ಮೈಕ್ ಮುಟ್ಟಲಿಲ್ಲ. ಉತ್ತರ ಕೊಡಲಾಗದವನ ಕಿವಿಯ ಹತ್ತಿರ ಕೂತು ವಟಗುಟ್ಟುವಷ್ಟು ಕಲ್ಲುಮನಸ್ಸು ನನಗಿಲ್ಲ. ಮೊಬೈಲಿನಲ್ಲಿ ಬರೆದೆ. ಹೇಗಿದ್ದೀಯ ಎಂದರೆ ಒಂದು ಹೆಬ್ಬೆರಳಿನ ಚಿತ್ರ. ಊಟ ಆಯಿತಾ ಎಂದರೆ ಅದೇ ಹೆಬ್ಬೆರಳು. ನೋಡಬೇಕು ಅನ್ನಿಸುತ್ತಿದೆ ಎಂದು ಬರೆದರೂ ಹೆಬ್ಬೆರಳೇ. ಆ ಬೆರಳನ್ನು ಮುರಿದುಹಾಕಬೇಕು ಅನ್ನಿಸುತ್ತಿತ್ತು. ಅವನ ದನಿ ಕೇಳಬೇಕೆಂಬ ಆಸೆ ಅಂಗಡಿಯಲ್ಲಿ ಗಿರಾಕಿಯ ಎದುರು ಕೂತಾಗಲೂ ಬಂದುಬಿಡುತ್ತಿತ್ತು. ಇನ್ನೆಂದೂ ಸಿಗದ ದನಿ ಎಂದು ಗೊತ್ತಿದ್ದರೂ ಬರುತ್ತಿತ್ತು.

ಒಂದು ಶನಿವಾರ ಅತ್ತಿಗೆ ಫೋನ್ ಮಾಡಿದರು.

"ನೋಡಮ್ಮಾ, ನಿಮ್ಮಣ್ಣ ರೇಡಿಯೋಗೆ ಕಂಪ್ಯೂಟರ್ ಸಿಕ್ಕಿಸಿಕೊಂಡು ಕೂತಿದಾರೆ. ನಾಳೆ ಬೆಳಿಗ್ಗೆ ರೇಡಿಯೋದಲ್ಲಿ ನೀವು ಮಾತಾಡ್ತಿದ್ದ ಅದೇ ಜಾಗಕ್ಕೆ ಬರ್ತಾರಂತೆ, ಟೈಪ್ ಮಾಡ್ಕೊಂಡು. ಈ ಫೋನಲ್ಲಿ ಬರೆಯೋದು ನರ್ಸಮ್ಮನಿಗೆ ಉತ್ತರ ಕೊಟ್ಟ ಹಾಗಿರತ್ತಂತೆ."

"ನಂಗೆ ಅದೆಲ್ಲ ಎಲ್ಲಿ ಬರತ್ತೆ ಅತ್ತಿಗೆ?"

"ಬರಿಸ್ಕೋ. ನಾಳೆ ಆಗ್ಲಿಲ್ಲ ಅಂದ್ರೆ ರೇಡಿಯೋ ಮಾರಿಬಿಡ್ತಾರಂತೆ. ಕೊಳ್ಳೋರು ಬಂದು ನೋಡ್ಕೊಂಡೂ ಹೋದ್ರು."

ಅಂಗಡಿಯ ಬಾಗಿಲು ಎಳೆದು, ಬಿಲ್ಲಿನ ಕಂಪ್ಯೂಟರನ್ನೇ ಹೊತ್ತು ಮನೆಗೆ ಬಂದು ಕೇಬಲ್ಲಿನಿಂದ ರೇಡಿಯೋಗೆ ಸಿಕ್ಕಿಸಿದೆ. ಇದಕ್ಕೆಂದೇ ಇರುವ ತಂತ್ರಾಂಶ ಮಾಡುವುದು ಇಷ್ಟೇ: ನಾವು ಒತ್ತಿದ ಅಕ್ಷರವನ್ನು ಸಣ್ಣ ಸಿಳ್ಳೆಯಾಗಿಸಿ ರೇಡಿಯೋಗೆ ಕೊಡುತ್ತದೆ, ಆಚೆ ಕಡೆಯ ಕಂಪ್ಯೂಟರ್ ಸಿಳ್ಳೆಯನ್ನು ಮತ್ತೆ ಅಕ್ಷರವಾಗಿಸುತ್ತದೆ. ಕೇಳಲು ಸುಲಭ. ಹೊಂದಿಸಲು ಹೋದರೆ ಪ್ರಾಣ ಹಿಂಡುತ್ತದೆ. ಮೊದಲು ಸಿಳ್ಳೆ ರೇಡಿಯೋಗೆ ಹೋಗುವ ಬದಲು ಕಂಪ್ಯೂಟರಿನ ಸ್ಪೀಕರಿನಲ್ಲೇ ಮೊಳಗಿತು. ನೆಗಡಿಯಾದ ಕೊಳಲಿನ ಹಾಗೆ. ಧ್ವನಿ ಹೋಗುವ ದಾರಿ ಬದಲಿಸಿದೆ. ಆಗ ರೇಡಿಯೋ ಕಳಿಸಲೇ ಒಪ್ಪಲಿಲ್ಲ. ಕೇಬಲ್ ಯಾವ ಪೋರ್ಟಿನಲ್ಲಿದೆ ಎಂದು ಒಂದೊಂದನ್ನೇ ಆರಿಸಿ ನೋಡಿದೆ. ಸರಿಯಾದದ್ದು ಸಿಕ್ಕಿದಾಗ ರೇಡಿಯೋ ಕಳಿಸಲು ಶುರು ಮಾಡಿ ನಿಲ್ಲಿಸುವುದನ್ನೇ ಮರೆಯಿತು. ಅದೇ ಹೊತ್ತಿಗೆ ಕಂಪ್ಯೂಟರಿಗೆ ಯಾವುದೋ ಮೇಲ್ ಬಂದು 'ಟಿಣ್' ಎಂದ ಸದ್ದೂ ಆಂಟೆನಾ ಹತ್ತಿ ಹೋಯಿತು.

"ನಿಂಗೆ ಮೇಲ್ ಬಂದಿದ್ದು ಈಗ ಲೋಕಕ್ಕೆಲ್ಲ ಗೊತ್ತಾಯ್ತು," ಎಂದರು ಬಾಗಿಲಲ್ಲಿ ನಿಂತಿದ್ದ ಗಂಡ.

"ಸುಮ್ನೆ ಹೋಗಿ ಅನ್ನಕ್ಕಿಡಿ."

ಪಾಪ, ಹೋಗಿ ಇಟ್ಟರು. ನಾನು ರೇಡಿಯೋ ಹೇಳಿದಾಗ ನಿಲ್ಲುವಂತೆ ಮಾಡಿ, ಕಂಪ್ಯೂಟರಿನ ಟಿಣ್ ಟಿಣ್‌ಗಳನ್ನೆಲ್ಲ ಬಾಯಿಮುಚ್ಚಿಸಿ, ಅವಕ್ಕೂ ಅವನ್ನು ಕಂಡುಹಿಡಿದವರಿಗೂ ಹಿಡಿಶಾಪ ಹಾಕಿ ಎದ್ದೆ.

ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಪರದೆಯ ಮುಂದೆ ಕೂತೆ. ರೇಡಿಯೋಗೆ ಬರುವ ಪ್ರತಿ ಸಿಳ್ಳೆಗೂ ಪರದೆಯಲ್ಲಿ ಒಂದು ಗೆರೆ ಮೂಡಿ ಮೇಲಿಂದ ಕೆಳಗೆ ಇಳಿಯುತ್ತದೆ. ನಾವು ಮಾತಾಡುತ್ತಿದ್ದ ಜಾಗದಲ್ಲಿ ಗೆರೆಯೇ ಇರಲಿಲ್ಲ. ಕಾಫಿ ಆರಿ ಕೆನೆಗಟ್ಟಿತು. ಕೊನೆಗೆ ಒಂದು ಗೆರೆ ಬಂತು, ನೂಲಿನೆಳೆಯಷ್ಟು. ಮೌಸಿನಿಂದ ಅದರ ಮೇಲೆ ಒತ್ತಿದೆ. ಅಕ್ಷರಗಳು ಒಂದೊಂದಾಗಿ ಬಿದ್ದವು. ಮೊದಲು ಪರವಾನಗಿಯಲ್ಲಿ ನನಗೆ ಕೊಟ್ಟ ಕರೆಗುರುತು, ಆಮೇಲೆ ಅವನದು.

ಅಣ್ಣ! ಅಷ್ಟು ತಿಂಗಳು ಸುಮ್ಮನಿದ್ದವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಅಕ್ಷರ ಹುಡುಕುತ್ತ ನಮ್ಮಿಬ್ಬರ ಕರೆಗುರುತು ಹಾಕಿ 'ಅಣ್ಣಾ, ನಾನು' ಎಂದು ಬರೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಉತ್ತರವಾಗಿ ಬಂದದ್ದು ಬರೀ ಪ್ರಶ್ನಾರ್ಥಕ ಚಿಹ್ನೆ. ಮತ್ತೆ ಬರೆದೆ. ಮತ್ತೆ ಅದೇ.

ಕೇಳಿಸುತ್ತಿಲ್ಲ, ಅಷ್ಟು ದೂರ ತಲುಪುತ್ತಿಲ್ಲ ಎಂದುಕೊಂಡು ಕಂಪ್ಯೂಟರಿನ ಧ್ವನಿಯನ್ನು ಏರಿಸಿದೆ. ರೇಡಿಯೋದ ಮೀಟರಿನ ಮುಳ್ಳು ಜಿಗಿದು ಅಂಚಿಗೆ ಬಡಿಯಿತು. ನೋಡಿ ಖುಷಿಯಾಯಿತು, ಈಗ ಹೇಗೆ ಕೇಳಿಸದೆ ಇರುತ್ತದೆ ನೋಡೋಣ ಎಂದು. ಆಗ ಅತ್ತಿಗೆಯ ಫೋನ್ ಬಂತು.

"ಏನಮ್ಮಾ ಅದು? ಇಲ್ಲಿ ಪರದೆ ತುಂಬ ಗೆರೆ, ಒಂದಕ್ಷರ ತಿಳೀತಿಲ್ಲ. ಇವರು ಎದ್ದುಹೋಗೋ ಹಾಗಿದಾರೆ."

"ಬೇಡ ಅನ್ನಿ ಅತ್ತಿಗೆ! ಇರಿ, ಇನ್ನೂ ಜೋರು ಮಾಡ್ತೀನಿ."

ಮಾಡಿದೆ. ಫೋನಿನ ಆಚೆ ಮೇಜು ಬಡಿದ ಸದ್ದು, ಆಮೇಲೆ ಸ್ಲೇಟಿನ ಮೇಲೆ ಬಳಪದ ಕಿರಕಿರ.

"ಬರೆದು ತೋರಿಸ್ತಿದಾರೆ, ಓದ್ತೀನಿ ಇರು," ಎಂದರು ಅತ್ತಿಗೆ. "'ಬಾಯಿಬಡಕಿ, ಕೂಗಬೇಡ.'"

ನಗು ಬಂತು, ಅದರ ಹಿಂದೆಯೇ ಕಣ್ಣೀರು. ಆಗ ತಲೆಗೆ ಹೋಯಿತು. ಈ ಪದ್ಧತಿಯಲ್ಲಿ ರೇಡಿಯೋಗೆ ಹೆಚ್ಚು ಧ್ವನಿ ತುರುಕಿದರೆ ಸಿಳ್ಳೆ ಒಡೆದು ಅಗಲಕ್ಕೆ ಹರಡುತ್ತದೆ, ಅಕ್ಷರಗಳು ಚೂರಾಗುತ್ತವೆ. ರಾತ್ರಿ ಓದಿಯೂ ಇದ್ದೆ. ಆದರೆ ದೂರದಲ್ಲಿರುವವರನ್ನು ಮೆಲ್ಲಗೆ ಕರೆಯಬೇಕು ಎಂದರೆ ಯಾರ ಮನಸ್ಸು ಒಪ್ಪುತ್ತದೆ? ಧ್ವನಿ ಇಳಿಸುತ್ತ ಹೋದೆ. ಮುಳ್ಳು ಕೆಳಗಿಳಿದಷ್ಟೂ ಅವನಿಂದ ದೂರ ನಡೆಯುತ್ತಿದ್ದೇನೆ ಅನ್ನಿಸಿತು. ಮುಳ್ಳು ಅಲುಗಿಯೂ ಅಲುಗದಂತಾದಾಗ ಬರೆದೆ: 'ಅಣ್ಣಾ, ಈಗ?'

ಪರದೆಯ ಮೇಲೆ ಬಿತ್ತು: 'ಈಗ ಸರಿ.'

ಫೋನಿನಲ್ಲಿ ಅತ್ತಿಗೆ ಮೂಗು ಸೀಟಿ, "ನಂಗೆ ಒಲೆ ಮೇಲೆ ಕೆಲಸ ಇದೆ," ಎಂದು ಇಟ್ಟುಬಿಟ್ಟರು.

ಅವನು ಬರೆಯತೊಡಗಿದ. ಇದು ಬರೆದು ಮುಗಿಸಿ ಕಳಿಸುವ ಪತ್ರವಲ್ಲ. ಅವನ ಬೆರಳು ಒತ್ತಿದ್ದು ಒತ್ತಿದ ಹಾಗೇ ಬರುತ್ತದೆ. ಅಳಿಸಿದರೆ ಅಳಿಸುವುದೂ ಕಾಣುತ್ತದೆ. 'ಗಂಟಲು ಪರವಾಗಿಲ್ಲ' ಎಂದು ಬಂತು, ಒಂದೊಂದೇ ಅಕ್ಷರ ಹಿಂದಕ್ಕೆ ಹೋಯಿತು. 'ನಾನು ಚೆನ್ನಾಗಿ' ಎಂದು ಬಂತು, ಅದೂ ಹೋಯಿತು. ಮಾತು ಹುಡುಕುವಾಗ ಅವನು ಹೀಗೇ ನಿಂತು ನಿಂತು ಆಡುತ್ತಿದ್ದ. ನಾನು ಪರದೆಗೆ ಮೂಗು ತಾಗುವಷ್ಟು ಬಗ್ಗಿದ್ದೆ.

ಆಮೇಲೆ ಬಂದದ್ದನ್ನು ಅವನು ಅಳಿಸಲಿಲ್ಲ.

'ನೀನು ಯಾಕೆ ಟೈಪ್ ಮಾಡ್ತಿದ್ದೀಯ? ಹೋಗಿದ್ದು ನನ್ನ ದನಿ. ನಿಂದಲ್ಲ. ಪ್ರತಿ ಭಾನುವಾರ ಇಲ್ಲೇ ಕೂತಿದ್ದೆ ಕಣೆ. ನೀನು ಬರ್ಲೇ ಇಲ್ಲ. ಮೈಕ್ ತಗೋ.'

ಮೈಕ್ ಹಿಡಿದೆ. ಗುಂಡಿ ಒತ್ತಿದೆ. ಹುಟ್ಟಿದಾಗಿನಿಂದ ಬಾಯಿಗೆ ಬೀಗ ಗೊತ್ತಿಲ್ಲದವಳು ನಾನು. ಮಾತು ಹೊರಟಿತು. ಮೇಲಿನ ಮನೆಯವರ ತೊಟ್ಟಿ ಸೋರುವುದು, ಎರಡೂ ಕಣ್ಣಿಗೆ ಬೇರೆ ಬೇರೆ ಬಣ್ಣದ ಗಾಜು ಬೇಕೆಂದು ಹಟ ಹಿಡಿದ ಗಿರಾಕಿ, ನಿನ್ನೆ ಗಂಡ ಅನ್ನ ಸೀಯಿಸಿದ್ದು. ನಿನ್ನ ದನಿ ಕೇಳಬೇಕು ಅನ್ನಿಸತ್ತೆ ಅಣ್ಣಾ, ದಿನಾ ಅನ್ನಿಸತ್ತೆ ಎಂದೂ ಹೇಳಿಬಿಟ್ಟೆ. ಹೇಳಿ ಗುಂಡಿ ಬಿಟ್ಟೆ.

ಪರದೆಯ ಮೇಲೆ ನೂಲಿನೆಳೆ ಇಳಿಯಿತು.

'ಹ್ಞೂಂ', ಎಂದಿತ್ತು. 'ಹ್ಞೂಂ. ಆಮೇಲೆ?'