ಕಾಸು ತೂರಿದವನ ಫೋಟೊ

ಹೆಬ್ಬೆರಳು, ನನಗೆ ಕಂಡದ್ದು ಅಷ್ಟೇ, ದೆಲ್ಫಿನಾಳ ಬೇಕರಿ ಬಾಗಿಲಲ್ಲಿ ನಮ್ಮ ವಾರಪತ್ರಿಕೆಯ ಒಳಪುಟದ ಮೇಲೆ ಒತ್ತಿದ್ದ ಬಿಳಿಯನೊಬ್ಬನ ಹೆಬ್ಬೆರಳು, ಕ್ವೀನ್ಸಿನ ಈ ಬೀದಿಯಲ್ಲಿ ಯಾರೂ ಹೀಗೆ ಓದುವುದಿಲ್ಲ, ಈಕ್ವೆಡಾರಿನಿಂದ ಇಲ್ಲಿಗೆ ಬಂದ ನಾವು ಮೊದಲು ಸಾವಿನ ಸುದ್ದಿ ನೋಡುತ್ತೇವೆ, ಆಮೇಲೆ ಫುಟ್‌ಬಾಲು, ಇವನು ನೇರ ಚರ್ಚಿನಲ್ಲಿ ಮಕ್ಕಳಿಗಾದ ಜ್ಞಾನಸ್ನಾನದ ಫೋಟೊ ಪುಟಕ್ಕೆ ಹೋದ, ಮಡಚಿ ಕೋಟಿನೊಳಗಿಟ್ಟ, ಹೋದ — ಯಾರೇ ಅವನು ಅಂದೆ, ದೆಲ್ಫಿನಾ ಬ್ರೆಡ್ಡು ಜೋಡಿಸುತ್ತಲೇ, ಕೊನೆಗೂ ನಿನ್ನ ಪೇಪರಿಗೊಬ್ಬ ಓದುಗ ಸಿಕ್ಕ ಕಣೇ, ಅದಕ್ಕೂ ಹೆದರ್ತೀಯಲ್ಲ, ಅಂದವಳ ನಗು ಅರ್ಧಕ್ಕೇ ನಿಂತಿತು, ಅವಳೂ ನೋಡಿದಳು, ಅವನು ಹತ್ತಿದ್ದು ಕಪ್ಪು ಗಾಜಿನ ವ್ಯಾನು, ಆ ಪುಟದಲ್ಲಿ ಆವೆಲಿನೊ ಇದ್ದಾನೆ, ಧರ್ಮತಂದೆಯಾಗಿ ಚರ್ಚಿನ ಮೆಟ್ಟಿಲ ಮೇಲೆ, ನಮ್ಮಲ್ಲಿ ಮಗುವಿನ ಧರ್ಮತಂದೆ ನೆರೆದ ಮಕ್ಕಳತ್ತ ಕಾಸು ತೂರಲೇಬೇಕು, ಇಲ್ಲದಿದ್ದರೆ ಮಕ್ಕಳು ಜಿಪುಣಾ ಜಿಪುಣಾ ಎನ್ನುತ್ತ ಮನೆತನಕ ಬೆನ್ನು ಹತ್ತುತ್ತವೆ, ತೂರುವ ಕೈ ಮೇಲೆ, ಮುಖ ಪೂರ್ತಿ ಬೆಳಕಿನಲ್ಲಿ, ಎಂಥ ಫೋಟೊ ತೆಗೆದೆ ಎಂದು ಬೀಗಿದ್ದೆ, ಕೆಳಗೆ ಹೆಸರು, ಹಳ್ಳಿ, ಕೆಲಸದ ಹೋಟೆಲು, ಯಾವಾಗಲೂ ಹಾಕುವ ಹಾಗೆ, ನಮ್ಮ ಜನ ಪತ್ರಿಕೆ ಒಯ್ಯುವುದೇ ಕತ್ತರಿಸಿ ಊರಿಗೆ ಕಳಿಸಲಿಕ್ಕೆ, ಅಕ್ಕಾ, ಹೋಟೆಲಿನ ಹೆಸರೂ ಹಾಕಿ, ಬರೀ ಪಾತ್ರೆ ತೊಳೀತಾನೆ ಅಂತ ಆಡ್ಕೋತಾರೆ ಊರಲ್ಲಿ, ಅಡುಗೆಯವನು ಅಂತ ಬರೀರಿ, ಅಮ್ಮ ಗೋಡೆಗೆ ಅಂಟಿಸ್ಕೊಳ್ಳಲಿ, ಅಂದಿದ್ದ ಆವೆಲಿನೊ, ಬರೆದೆ, ವಲಸೆ ಇಲಾಖೆಯವರು ಮುಖ ಮುಚ್ಚಿಕೊಂಡು ಬೀದಿಗಿಳಿದು ಅವನಂಥ ಕಾಗದಪತ್ರವಿಲ್ಲದವರನ್ನು ಎತ್ತಿಕೊಂಡು ಹೋಗುವ ಈ ದಿನಗಳಲ್ಲಿ, ಮೊದಲ ಪುಟದಲ್ಲಿ ಹುಷಾರಾಗಿರಿ ಎಂದು ಬರೆದ ಇದೇ ಕೈಯಿಂದ ಬರೆದೆ — ಅವನ ಫೋನು ಹೊಡೆದುಕೊಳ್ಳುತ್ತಲೇ ಇದೆ, ಎತ್ತು ತಮ್ಮಾ, ಒಲೆಯ ಸದ್ದಿಗೆ ಕೇಳಿಸುತ್ತಿಲ್ಲವೇನೋ, ಓಡುತ್ತಿದ್ದೇನೆ, ತಲೆಯ ಮೇಲಿನ ಸೇತುವೆಯಲ್ಲಿ ರೈಲು, ಲಾಂಡ್ರಿಯ ಬಾಗಿಲಲ್ಲಿ ನಮ್ಮ ಪತ್ರಿಕೆಯ ಕಟ್ಟು, ಔಷಧಿ ಅಂಗಡಿಯಲ್ಲಿ ನಮ್ಮ ಕಟ್ಟು, ಪ್ರತಿಯೊಂದರೊಳಗೂ ಆವೆಲಿನೊ ನಗುತ್ತಿದ್ದಾನೆ, ಎಷ್ಟನ್ನು ಎತ್ತಿಕೊಳ್ಳಲಿ, ಮೊದಲು ಅವನು, ಹೋಟೆಲಿನ ಹಿಂಬಾಗಿಲು ಹಾರುಹೊಡೆದಿದೆ, ಒಳಗೆ ಸಾರು ಉಕ್ಕುತ್ತಿದೆ, ಆವೆಲಿನೊ, ಅಂದೆ, ಪಾತ್ರೆ ತೊಳೆಯುವ ಇನ್ನೊಬ್ಬ ಹುಡುಗ ನನ್ನ ಕಡೆ ನೋಡಲಿಲ್ಲ, ಈಗಷ್ಟೇ ಎತ್ಕೊಂಡು ಹೋದ್ರು ಅಕ್ಕಾ, ಹೆಸರೂ ಕೇಳಲಿಲ್ಲ, ಪೇಪರನ್ನ ಅವನ ಮುಖದ ಪಕ್ಕ ಹಿಡಿದು ನೋಡಿದ್ರು, ಅಷ್ಟೇ, ಅಂದ, ಅವನ ಅಮ್ಮನಿಗೆ ಯಾರು ಹೇಳುವುದು, ಗೋಡೆಗೆ ಅಂಟಿಸಿಕೊಂಡಿರುತ್ತಾಳೆಯೇ, ಹಲಗೆಯ ಮೇಲೆ ಅರ್ಧ ಸುಲಿದ ಬಾಳೆಕಾಯಿ, ಸಿಪ್ಪೆಯಲ್ಲಿ ಸಿಕ್ಕ ಚಾಕು, ವಕೀಲರು, ಯಾವ ವಕೀಲರು, ಬಾಳೆಕಾಯಿ ಆಗಲೇ ಕಪ್ಪಾಗುತ್ತಿದೆ, ಯಾರಾದರೂ ಒಲೆ ಆರಿಸಿ, ಮುಂದಿನ ವಾರದ ಪುಟಕ್ಕೆ ನಾನು, ಸಿಪ್ಪೆಯಲ್ಲಿ ಚಾಕು, ನಾನು ಏನನ್ನು ಬರೆಯಲಿ, ಅರ್ಧ ಸುಲಿದ ಬಾಳೆಕಾಯಿ, ಚಾಕು