ಮೇಷ್ಟ್ರ ಹಳೇ ಕಾರಿನ ತಂಪು

ಮೇಷ್ಟ್ರ ನಲವತ್ತು ವರ್ಷ ಹಳೆಯ ಕಾರಿನ ಎ.ಸಿ.ಯನ್ನು ಬೆಳಗಿನಿಂದ ಮೂರು ಸಲ ಬಿಚ್ಚಿ ಜೋಡಿಸಿದೆ. ಗ್ಯಾಸು ತುಂಬಿದೆ, ಬೆಲ್ಟು ಬದಲಿಸಿದೆ. ಆದರೂ ಗಾಳಿ ಬರುವ ಕಿಂಡಿಗೆ ಬಲಗೈ ಹಿಡಿದರೆ ತಂಪಿಲ್ಲ. "ದರಿದ್ರ ಡಬ್ಬಾ" ಎಂದು ಚಕ್ರಕ್ಕೆ ಒದ್ದೆ.

ಆಗಷ್ಟೇ ಬಂದು ಒಳಗೆ ಕೂತ ಮೇಷ್ಟ್ರು ಮೈ ಮುದುಡಿಕೊಂಡರು. "ಅದಕ್ಯಾಕೋ ಒದೀತೀಯ? ನಂಗಿಲ್ಲಿ ಹಲ್ಲು ಕಟಕಟ ಅಂತಿದೆ."

ಕಿಂಡಿಗೆ ಎಡಗೈ ಹಿಡಿದೆ. ಮಂಜಿನಂಥ ಗಾಳಿ. ಮತ್ತೆ ಬಲಗೈ ಹಿಡಿದೆ. ತಂಪು ತಿಳಿಯಲೇ ಇಲ್ಲ.

ಕತ್ತಿನಲ್ಲಿ ನರ ಒತ್ತಿಕೊಂಡಿದೆ, ಬಲಗೈ ಬೆರಳುಗಳು ಮರಗಟ್ಟುತ್ತವೆ ಎಂದ ಡಾಕ್ಟರಿಗೆ ಹೋದ ವಾರ ಬೈದು ಬಂದಿದ್ದೆ. ಇಪ್ಪತ್ತೈದು ವರ್ಷ ಈ ಗ್ಯಾರೇಜಿನಲ್ಲಿ ಆ ಬೆರಳುಗಳನ್ನೇ ನಂಬಿ ದುಡಿದಿದ್ದೇನೆ.

"ಮುಂದಿನ ಸಲ ಬೇರೆಯವರ ಹತ್ರ ತೋರಿಸಿ, ಮೇಷ್ಟ್ರೇ."

"ಯಾಕೋ, ನನ್ನ ಮೇಲೆ ಕೋಪಾನಾ?"

"ಹೂಂ" ಎಂದೆ. ಸ್ಪ್ಯಾನರನ್ನು ಬಲಗೈಯಲ್ಲಿ ಎತ್ತಿಡಲು ಹೋದೆ. ಅದು ಕೈ ಜಾರಿದ್ದು, ಬಿದ್ದ ಸದ್ದು ಕೇಳಿದ ಮೇಲೆಯೇ ನನಗೆ ತಿಳಿಯಿತು.