ಕುಳ್ಳಮ್ಮನ ಹೆಸರಿನ ಚೀಲ

ರಮ್ಯಾ ಬಾಗಿಲ ಮುಂದಿದ್ದ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿದಳು. ತಳದಲ್ಲಿದ್ದ ಹುರುಳಿಕಾಯಿ ಒದ್ದೆಯಾಗಿತ್ತು, ಬೆಚ್ಚಗೂ ಇತ್ತು.

"ಏಯ್, ಸೂತಕದ ಕೈ! ಮುಟ್ಬ್ಯಾಡ ಕಣವ್ವ" ಎಂದು ಅಂಗಳದಿಂದ ಅಂಕಯ್ಯ ಗದರಿದರು. ಊರಿನ ಸಾವುಗಳಿಗೆಲ್ಲ ಅವರೇ ಮುಂದಾಳು. ಶಾಸ್ತ್ರದಲ್ಲಿ ಒಂದೆಳೆ ತಪ್ಪಿದರೂ ಬಿಡುವವರಲ್ಲ. ಅವರ ಪಕ್ಕದಲ್ಲಿ, ಚಪ್ಪರದಡಿ, ರಮ್ಯಾಳ ಅತ್ತೆ ಕುಳ್ಳಮ್ಮ ಹೂವಿನ ಹಾರ ಹಾಕಿಸಿಕೊಂಡು ಮಲಗಿದ್ದಳು. ಉಂಡು ಮಲಗಿದವಳು ಬೆಳಗ್ಗೆ ಏಳಲೇ ಇಲ್ಲ.

ಅವತ್ತು ಕಾಯಿ ಕೀಳುವ ದಿನ. ಬಿಟ್ಟರೆ ನಾರು ಕಟ್ಟುತ್ತದೆ. ಸಾವಿನ ಮನೆಯವರು ಹೊಲಕ್ಕೆ ಇಳಿಯುವಂತಿಲ್ಲವೆಂದು ಎದುರು ಮನೆಯ ಮಲ್ಲಾಜಮ್ಮ ಐದಾರು ಹೆಂಗಸರನ್ನು ಕಟ್ಟಿಕೊಂಡು ಹೋಗಿ, ಅತ್ತುಕೊಂಡೇ ಕಿತ್ತು, ನಾಲ್ಕು ಚೀಲ ತುಂಬಿ ತಂದಿದ್ದಳು. ಆದರೆ ಆ ಅವಸರದಲ್ಲಿ ಇಬ್ಬನಿ ಆರುವ ತನಕ ಕಾದಿರಲಿಲ್ಲ. ಎಳೆಯದು ಬಲಿತದ್ದು ಎಲ್ಲ ಒಂದೇ ಚೀಲಕ್ಕೆ ಬಿದ್ದಿತ್ತು.

ಕಾಯಿ ಕೊಳ್ಳುವ ಕೊಪ್ಪದ ಅಂಗಡಿಯಲ್ಲಿ ಕುಳ್ಳಮ್ಮನ ಚೀಲವನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಅದು ಇಪ್ಪತ್ತು ವರ್ಷದಲ್ಲಿ ಗಳಿಸಿದ ಹೆಸರು. ಈ ಚೀಲ ಹೀಗೇ ಹೋದರೆ ಸಂಜೆಯೊಳಗೆ ಕಾಯಿ ಕೊಳೆಯುತ್ತದೆ, ಸತ್ತ ದಿನವೇ ಅತ್ತೆಯ ಹೆಸರೂ ಕೆಡುತ್ತದೆ. ಬೇಡವೆಂದರೆ ಮಲ್ಲಾಜಮ್ಮನ ಮನಸ್ಸು ಮುರಿದಂತೆ. ರಮ್ಯಾ ಚೀಲದಿಂದ ಕೈ ಹೊರಗೆಳೆದುಕೊಂಡಳು.

*

ಮದುವೆಯಾಗಿ ಬಂದ ಹೊಸದರಲ್ಲಿ ರಮ್ಯಾಳೂ ಇದೇ ತಪ್ಪು ಮಾಡಿದ್ದಳು. ಅತ್ತೆಯ ಕೈಲಿ ಭೇಷ್ ಅನ್ನಿಸಿಕೊಳ್ಳಲು ನಸುಕಿನಲ್ಲೇ ಎದ್ದು ಒಂದು ಮಂಕರಿ ಕಾಯಿ ಕಿತ್ತಿಟ್ಟಿದ್ದಳು. ಕುಳ್ಳಮ್ಮ ಮಂಕರಿಯನ್ನು ಎತ್ತಿ, ಗೋಣಿತಾಟಿನ ಮೇಲೆ ಅಷ್ಟನ್ನೂ ಸುರಿದಳು.

"ಗಿಡದಿಂದ ಕಿತ್ತ ಮ್ಯಾಲೂ ಕಾಯಿ ಉಸುರಾಡ್ತದೆ ಕಣವ್ವ. ನೀರು ಮೆತ್ಕಂಡು ಚೀಲ ಸೇರುದ್ರೆ ಒಳಗೇ ಬೆಂದೋಯ್ತದೆ. ನೆಳ್ಳಲ್ಲಿ ಅರವು, ಆರ್ಲಿ. ಆಮೇಲೆ ಒಂದೊಂದನ್ನೇ ನೋಡು."

"ಇಷ್ಟೂನೂವಾ ಅತ್ತೆ?"

"ತಿನ್ನೋರು ಇಷ್ಟೂನೂ ತಾನೆ ತಿನ್ನೋದು?"

ಹೆಸರಿಗೆ ಕುಳ್ಳಮ್ಮ, ಮಾತು ಮಾತ್ರ ಆಳೆತ್ತರ. ರಮ್ಯಾ ಮುಖ ಊದಿಸಿಕೊಂಡೇ ಆರಿಸಿದ್ದಳು. ಮಧ್ಯಾಹ್ನ ಅತ್ತೆಯೇ ಬಿಸಿಮುದ್ದೆ ಕಟ್ಟಿ, ಎರಡು ಚಮಚ ತುಪ್ಪ ಬಿಟ್ಟು ಬಡಿಸಿದ್ದಳು.

*

"ಮಲ್ಲಾಜಕ್ಕ," ಎಂದಳು ರಮ್ಯಾ. "ನಿಮ್ ಋಣ ತೀರ್ಸಕ್ಕಾಗಲ್ಲ. ಆದ್ರೆ ಇಂಗೇ ಕಳ್ಸುದ್ರೆ ಅತ್ತೆ ಹೆಸ್ರು ಕೆಟ್ಟೋಯ್ತದೆ. ನಾ ಮುಟ್ಟೋ ಅಂಗಿಲ್ಲ. ನೀವೇ ಸುರ್ದು ಆರ್ಸಿ ಕೊಡಿ."

ಹೆಂಗಸರ ಅಳು ಒಮ್ಮೆಗೇ ನಿಂತಿತು. ಮಲ್ಲಾಜಮ್ಮನ ಮುಖ ಸಣ್ಣದಾಯಿತು. ಚೀಲದಿಂದ ಒಂದು ಕಾಯಿ ತೆಗೆದು ಮುರಿದಳು. ಉದ್ದಕ್ಕೆ ನಾರು ಕಿತ್ತುಕೊಂಡು ಬಂತು.

"ಅಯ್ಯೋ ಕುಳ್ಳಿ, ನೀನಿದ್ದಿದ್ರೆ ಇದ್ನ ನನ್ ಮಕಕ್ಕೇ ಎಸೀತಿದ್ದೆ ಕಣೇ!" ಎಂದು ಅಳುತ್ತಲೇ ನಕ್ಕಳು.

ಎಲ್ಲರೂ ಅಂಕಯ್ಯನ ಮುಖ ನೋಡಿದರು. ಅಂಕಯ್ಯ ಕೆಮ್ಮಿದರು. "ಹೆಣದ್ ಮುಂದೆ ಬ್ಯಾಡ. ಮಲ್ಲಾಜಿ ಜಗಲೀಲಿ ಸುರ್ಕೊಳಿ. ಬಿರ್ರನೆ ಮುಗ್ಸಿ."

ಎದುರು ಜಗಲಿಯ ಮೇಲೆ ಹೆಂಗಸರು ಕಾಯಿ ಹರವಿ, ಒಣಬಟ್ಟೆಯಲ್ಲಿ ಒತ್ತಿ, ಆರಿಸಲು ಕುಳಿತರು. ರಮ್ಯಾ ಅತ್ತೆಯ ತಲೆಯ ಬಳಿ ಕುಳಿತು ಒಂದಿಷ್ಟು ಅಳುವಳು. ಕಣ್ಣೊರೆಸಿಕೊಂಡು, "ಕಲೆ ಇರೋದು ಬ್ಯಾಡ ಕಣ್ರೀ!" ಎಂದು ಕೂಗುವಳು. ಮತ್ತೆ ಅಳುವಳು. ನಾಲ್ಕು ಚೀಲ ಎರಡೂವರೆ ಚೀಲಕ್ಕೆ ಇಳಿಯಿತು. ಆ ಎರಡೂವರೆಯಲ್ಲಿ ಕುಳ್ಳಮ್ಮನೇ ಬಂದು ಹುಡುಕಿದರೂ ತಪ್ಪು ಸಿಗುವಂತಿರಲಿಲ್ಲ.

ಭೇರ್ಯದ ನೆಂಟರು ಬಂದು ಸೇರುವಾಗ ಹತ್ತೂವರೆ. ರಮ್ಯಾಳ ಗಂಡ ರಘು ಬೆಂಕಿಮಡಕೆ ಹಿಡಿದು ಮುಂದಾದ, ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟರು. ತರಕಾರಿ ಒಯ್ಯುವ ವಸಂತನ ಟೆಂಪೋ ಆ ಚೀಲಗಳನ್ನು ಹೇರಿಕೊಂಡು ಹೊರಟದ್ದೂ ಆಗಲೇ. ಬೀದಿ ಕಿರಿದು. ಹೆಣ ಕಂಡ ವಸಂತ ಇಂಜಿನ್ ಆರಿಸಿ, ಇಳಿದು, ಕೈಮುಗಿದು ನಿಂತ.

ಅಂಕಯ್ಯ ಕೈಯೆತ್ತಿ ತಮಟೆ ನಿಲ್ಲಿಸಿದರು.

"ಏ ವಸಂತ, ನೀ ಮೊದ್ಲು ಗಾಡಿ ತಗಿಯಪ್ಪ. ಬಿಸ್ಲು ಏರ್ತಾ ಅದೆ."

ಹೊತ್ತವರು ಕುಳ್ಳಮ್ಮನನ್ನು ಹೆಗಲ ಮೇಲೇ ಇಟ್ಟುಕೊಂಡು ಬೀದಿಯ ಅಂಚಿಗೆ ಸರಿದು ನಿಂತರು. ಟೆಂಪೋ ಅವಳನ್ನು ಸವರಿಕೊಂಡಂತೆ ದಾಟಿ, ಕೊಪ್ಪದ ರಸ್ತೆಗೆ ತಿರುಗಿತು.